ಯಾವ ಐಡಿಇ ಹಾಕ್ಕೊಳ್ಲಿ ಮಾವ?

ಹೋದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ನಮ್ಮೂರು ಚನ್ನಪಟ್ಟಣ ತಾಲ್ಲೂಕು, ಅಕ್ಕನ್ನ ಕೊಟ್ಟಿರೋದು ಕನಕಪುರ ತಾಲ್ಲೂಕಿಗೆ, ಸಾತನೂರು ಕಡೆ. ರೇಷ್ಮೆ ಮನೆ. ನಾನು ಹೋದಾಗ ಹುಳ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ಮೇಯ್ತಾ ಇದ್ವು. ಹೆಂಚಿನ ಮೇಲೆ ಸಣ್ಣಗೆ ಮಳೆ ಬಿದ್ದಂಗೆ ಸದ್ದು. ಆ ಒಂದು ವಾರ ರೇಷ್ಮೆ ಮನೇಲಿ ಹಬ್ಬಾನೂ ಇಲ್ಲ, ನಿದ್ದೇನೂ ಇಲ್ಲ.

ಅಂಥ ಗಡಿಬಿಡೀಲೂ ಅಕ್ಕ ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ್ಲು, "ಈ ಸಲದ ಗೂಡಿನ ದುಡ್ಡು ಬಂದ್ರೆ ಇವನಿಗೊಂದು ಹೊಸ ಲ್ಯಾಪ್‌ಟಾಪ್ ಕೊಡ್ಸು ಕಣೋ. ಎಪ್ಪತ್ತು ಸಾವಿರ ಆಗುತ್ತಂತೆ. ಇರೋದ್ರಲ್ಲಿ ಓದೋಕಾಗಲ್ಲ ಅಂತಾನೆ."

ಇವನು ಅಂದ್ರೆ ನನ್ನ ಅಕ್ಕನ ಮಗ. ಬಿಇ ಎರಡನೇ ವರ್ಷ, ಕಂಪ್ಯೂಟರ್ ಸೈನ್ಸು. ಅವನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, 4 ಜಿಬಿ ರ‍್ಯಾಮ್. ರಾತ್ರಿ ಊಟ ಆದ್ಮೇಲೆ ಕೂರಿಸಿಕೊಂಡು ಕೇಳಿದೆ. ಅವನ ಮೊದಲ ಪ್ರಶ್ನೆ, "ಯಾವ ಐಡಿಇ ಹಾಕ್ಕೊಳ್ಲಿ ಮಾವ? ಕ್ಲಾಸಲ್ಲಿ ಒಬ್ರು ಇಂಟೆಲಿಜೆ ಅಂತಾರೆ, ಒಬ್ರು ವಿಎಸ್ ಕೋಡ್ ಅಂತಾರೆ, ಆಂಡ್ರಾಯ್ಡ್ ಸ್ಟುಡಿಯೋ ಹಾಕಿದ್ರೆ ಇದು ಉಸಿರು ಬಿಡುತ್ತೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡನೇ ಮಾತು ಹೇಳಿದ, "ನಂಗೆ ಇದು ಆಗಲ್ಲ ಅನ್ಸುತ್ತೆ ಮಾವ. ಎಲ್ರದ್ದೂ ಓಡುತ್ತೆ, ನಂದು ಓಡಲ್ಲ."

ಮೊದಲ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಹೇಳಿಬಿಡಬಹುದಿತ್ತು. ಎರಡನೇ ಮಾತಿಗೆ ಆಗಲಿಲ್ಲ. ಯಾಕಂದ್ರೆ ಹದಿನೆಂಟು ವರ್ಷದ ಹಿಂದೆ ಅದೇ ಮಾತನ್ನ ನಾನು ನನಗೇ ಹೇಳ್ಕೊಂಡಿದ್ದೆ. ಅವತ್ತು ರಾತ್ರಿ ಅವನಿಗೆ ಹೇಳಿದ ಕತೇನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೀತಿದೀನಿ.

ಮಿಲ್ಲಿಗೆ ರಾಗಿ ಕೊಟ್ಟು ಬಂದ ಹಾಗೆ

ಪ್ರೋಗ್ರಾಮ್ ಬರೆಯೋನಿಗೆ ನಾಲ್ಕು ಕೆಲಸ ಇರುತ್ತೆ. ಬರೆಯೋದು, ಅದನ್ನ ಯಂತ್ರದ ಭಾಷೆಗೆ ತಿರುಗಿಸೋದು, ಓಡಿಸೋದು, ತಪ್ಪಾದ್ರೆ ಎಲ್ಲಿ ತಪ್ಪಿತು ಅಂತ ಹುಡುಕೋದು. ಈ ನಾಲ್ಕನ್ನೂ ಒಂದೇ ಸೂರಿನ ಕೆಳಗೆ ತಂದು ಕೊಡೋ ತಂತ್ರಾಂಶವೇ ಐಡಿಇ. ಮೊದಲು ಈ ನಾಲ್ಕು ಕೆಲಸ ನಾಲ್ಕು ಕಡೆ ಇದ್ವು.

1970ರ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಐಬಿಎಂ 360 ಸಾಲಿನ ಕಂಪ್ಯೂಟರ್ ಇತ್ತು. ಆ ಕಾಲದ ಯಂತ್ರಗಳಿಗೆ ಪ್ರೋಗ್ರಾಮ್ ಕೊಡ್ತಿದ್ದದ್ದು ರಟ್ಟಿನ ಕಾರ್ಡುಗಳಲ್ಲಿ. ಒಂದು ಕಾರ್ಡಲ್ಲಿ 80 ಅಕ್ಷರ, ಒಂದು ಕಾರ್ಡು ಒಂದು ಸಾಲು. ತೂತು ಹೊಡೆದ ಕಾರ್ಡಿನ ಕಟ್ಟನ್ನ ಕೌಂಟರಲ್ಲಿ ಕೊಟ್ಟು ಬರಬೇಕು, ಸರದಿ ಬಂದಾಗ ಯಂತ್ರ ಓದುತ್ತೆ, ಉತ್ತರ ಕಾಗದದಲ್ಲಿ ಅಚ್ಚಾಗಿ ಬರುತ್ತೆ. ನಮ್ಮ ಕಡೆ ಮಿಲ್ಲಿಗೆ ರಾಗಿ ಕೊಟ್ಟು, ಸಂತೆ ಮುಗಿಸಿ, ವಾಪಸ್ ಹೋಗ್ತಾ ಹಿಟ್ಟು ಇಸ್ಕೊಂಡು ಹೋಗ್ತಿದ್ವಲ್ಲ, ಹಂಗೆ. ಒಂದೇ ವ್ಯತ್ಯಾಸ ಅಂದ್ರೆ, ಒಂದು ಅಲ್ಪವಿರಾಮ ಬಿಟ್ಟುಹೋಗಿದ್ರೂ ಹಿಟ್ಟಿನ ಬದಲು ತಪ್ಪಿನ ಪಟ್ಟಿ ಸಿಗ್ತಿತ್ತು. ಮತ್ತೆ ಸರದಿ ಹಿಡೀಬೇಕು.

ಈ ಕಾಯೋ ಕಾಟ ತಪ್ಪಿಸೋಕೆ ಅಂತಲೇ 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಅನ್ನೋ ಇಬ್ಬರು ಮೇಷ್ಟ್ರು ಬೇಸಿಕ್ ಅನ್ನೋ ಭಾಷೆ ಮಾಡಿದ್ರು. ಗಣಿತ, ವಿಜ್ಞಾನ ಓದದ ಹುಡುಗರೂ ಟರ್ಮಿನಲ್ ಮುಂದೆ ಕೂತು ಸಾಲು ಟೈಪ್ ಮಾಡಿ, ರನ್ ಅಂತ ಹೊಡೆದ್ರೆ ಅಲ್ಲೇ ಉತ್ತರ. ಇಪ್ಪತ್ತು ವರ್ಷ ಆದ್ಮೇಲೆ, 1984ರಲ್ಲಿ, ನಮ್ಮ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೇಲಿ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದ್ವು. ಸ್ವಿಚ್ ಹಾಕಿದ ತಕ್ಷಣ ಬೇಸಿಕ್ ರೆಡಿ. ಯಾವ ಐಡಿಇ ಅಂತ ಕೇಳೋ ಹಂಗೇ ಇರಲಿಲ್ಲ, ಇದ್ದದ್ದು ಅದೊಂದೇ.

ದೊಡ್ಡ ಯಂತ್ರಗಳ ಲೋಕದಲ್ಲಿ ಬೇರೆ ದಾರಿ ನಡೀತಿತ್ತು. 1975ರಲ್ಲಿ ಜರ್ಮನಿಯ ಮ್ಯೂನಿಕ್‌ನ ಸಾಫ್ಟ್‌ಲ್ಯಾಬ್ ಕಂಪನಿ ಮೆಸ್ಟ್ರೋ ಅನ್ನೋ ವ್ಯವಸ್ಥೆ ತಂತು. ಜಗತ್ತಿನ ಮೊದಲ ಐಡಿಇ ಇದೇ ಅಂತ ಬಹಳ ಜನ ಲೆಕ್ಕ ಹಾಕ್ತಾರೆ. ಅದೇ ವರ್ಷ ನಮ್ಮ ರಾಮನಗರದ ಬಂಡೆಗಳೂ ದೇಶಕ್ಕೆಲ್ಲ ಗೊತ್ತಾಗಿದ್ದು, ಶೋಲೆ ಬಿಡುಗಡೆಯಾಗಿ. ಮರುವರ್ಷ, 1976ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಿಲ್ ಜಾಯ್ ಅನ್ನೋ ವಿದ್ಯಾರ್ಥಿ ವಿಐ ಅನ್ನೋ ಎಡಿಟರ್ ಬರೆದ. ಅದೇ ವರ್ಷ ಎಂಐಟಿಯಲ್ಲಿ ಈಮ್ಯಾಕ್ಸ್ ಹುಟ್ಟಿತು. ಈ ಎರಡರ ಭಕ್ತರ ಜಗಳ ಇವತ್ತಿಗೂ ನಿಂತಿಲ್ಲ.

ವಿಐನಲ್ಲಿ ಕರ್ಸರ್ ಆಚೀಚೆ ಓಡಿಸೋಕೆ ಎಚ್, ಜೆ, ಕೆ, ಎಲ್ ಒತ್ತಬೇಕು. ಯಾಕಪ್ಪಾ ಅಂದ್ರೆ ಬಿಲ್ ಜಾಯ್ ಹತ್ರ ಇದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತಿಗೆ ಬೇರೆ ಕೀ ಇರಲಿಲ್ಲ, ಆ ನಾಲ್ಕು ಅಕ್ಷರದ ಮೇಲೇ ಬಾಣ ಅಚ್ಚು ಹಾಕಿದ್ರು. ಇವತ್ತು ಲಕ್ಷ ರೂಪಾಯಿ ಲ್ಯಾಪ್‌ಟಾಪಲ್ಲಿ ಕೂತು ಎಚ್‌ಜೆಕೆಎಲ್ ಒತ್ತೋದನ್ನ ದೊಡ್ಡಸ್ತಿಕೆ ಅಂದ್ಕೊಂಡಿರೋ ನಮ್ಮ ಗೆಳೆಯರಿಗೆ ಗೊತ್ತಿರಲಿ, ಅದು ಕೈಯಲ್ಲಿದ್ದ ಸಾಮಾನಿಗೆ ತಕ್ಕಂತೆ ಮಾಡಿಕೊಂಡ ಹೊಂದಾಣಿಕೆ.

ಐವತ್ತು ಡಾಲರಿನ ಡಬ್ಬಿ

ಅಸಲಿ ತಿರುವು ಬಂದದ್ದು 1983ರ ನವೆಂಬರಲ್ಲಿ. ಬೋರ್ಲ್ಯಾಂಡ್ ಅನ್ನೋ ಪುಟ್ಟ ಕಂಪನಿ ಟರ್ಬೋ ಪ್ಯಾಸ್ಕಲ್ ಬಿಡ್ತು. ಬರೆದವನು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್, ಬೆಲೆ 49.95 ಡಾಲರ್. ಬೇರೆ ಕಂಪೈಲರ್‌ಗಳು ನೂರಾರು ಡಾಲರ್ ಬೆಲೆ ಹಾಕ್ಕೊಂಡು ಕೂತಿದ್ದ ಕಾಲ ಅದು. ಬರೆಯೋದು, ಕಂಪೈಲ್ ಮಾಡೋದು, ಓಡಿಸೋದು ಎಲ್ಲ ಒಂದೇ ಪರದೇಲಿ. ತಪ್ಪಿದ್ರೆ ಕರ್ಸರ್ ತಾನೇ ಹೋಗಿ ತಪ್ಪಿನ ಜಾಗದಲ್ಲಿ ನಿಲ್ಲೋದು. 1986ರ ಅದರ 3.02 ಆವೃತ್ತಿಯ ಗಾತ್ರ 40 ಕಿಲೋಬೈಟ್‌ಗೂ ಕಮ್ಮಿ. ನಿಮ್ಮ ಫೋನಲ್ಲಿ ತೆಗೆದ ಒಂದು ಹಬ್ಬದ ಫೋಟೋ ಜಾಗದಲ್ಲಿ ಆ ಇಡೀ ಐಡಿಇನ ಐವತ್ತು ಸಲ ಇಡಬಹುದು.

ಅದರ ತಮ್ಮನೇ ಟರ್ಬೋ ಸಿ, 1987ರದ್ದು. ಆಮೇಲೆ 1990ರಲ್ಲಿ ಟರ್ಬೋ ಸಿ++. ನೀಲಿ ಪರದೆ, ಹಳದಿ ಅಕ್ಷರ, ಮೇಲ್ಗಡೆ ಬೂದು ಬಣ್ಣದ ಮೆನು. 90ರ ದಶಕದಿಂದ ಮುಂದಕ್ಕೆ ಕರ್ನಾಟಕದಲ್ಲಿ ಕಂಪ್ಯೂಟರ್ ಓದಿದ ಯಾರನ್ನಾದ್ರೂ ಕೇಳಿ, ಆ ನೀಲಿ ಕಣ್ಣಿಗೆ ಕಟ್ಟಿರುತ್ತೆ. ಡಿಪ್ಲೊಮಾ, ಪಿಯುಸಿ, ತಾಲ್ಲೂಕು ಕೇಂದ್ರದಲ್ಲಿ ಬೋರ್ಡು ಹಾಕ್ಕೊಂಡಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಗಳು, ಇಂಜಿನಿಯರಿಂಗ್ ಲ್ಯಾಬು, ಎಲ್ಲಿ ಹೋದ್ರೂ ಅದೇ. 1998ರಲ್ಲಿ ಬೆಳಗಾವೀಲಿ ವಿಟಿಯು ಶುರುವಾಗಿ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜು ಒಂದು ಸಿಲಬಸ್ ಕೆಳಗೆ ಬಂದ್ವು. ಮೆಕ್ಯಾನಿಕಲ್ ಇರಲಿ ಸಿವಿಲ್ ಇರಲಿ, ಮೊದಲ ವರ್ಷ ಎಲ್ಲರಿಗೂ ಸಿ ಲ್ಯಾಬ್. ಅಂದ್ರೆ ಲಕ್ಷಾಂತರ ಜನರ ಮೊದಲ ಪ್ರೋಗ್ರಾಮಿನ ಹಿನ್ನೆಲೆ ಬಣ್ಣ ನೀಲಿ.

ನಾನು ಸೇರಿದ್ದು 2006ರಲ್ಲಿ. ಆಗಿನ್ನೂ ರಾಮನಗರ ಜಿಲ್ಲೆ ಆಗಿರಲಿಲ್ಲ, ಅದು ಆಗಿದ್ದು ಮರುವರ್ಷ. ಅರ್ಜಿ ತುಂಬುವಾಗ ಬೆಂಗಳೂರು ಗ್ರಾಮಾಂತರ ಅಂತ ಬರೀತಿದ್ದೆ. ಚನ್ನಪಟ್ಟಣದಿಂದ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರೋದು. ಮನೇಲಿ ಕಂಪ್ಯೂಟರ್ ಇಲ್ಲ. ಲ್ಯಾಬಲ್ಲಿ ವಾರಕ್ಕೆ ಮೂರು ಗಂಟೆ, ಒಂದು ಕಂಪ್ಯೂಟರ್‌ಗೆ ಇಬ್ಬರು. ನನ್ನ ಜೊತೆಗಾರ ಮಾಗಡಿ ಕಡೆಯವನು, ಅವನಿಗೂ ನನಗೂ ಕೀಬೋರ್ಡ್ ಮುಟ್ಟೋಕೆ ಹೆದರಿಕೆ.

ಆದ್ರೆ ಆ ನೀಲಿ ಪರದೆ ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿತು. ಅದನ್ನ ಮೊದಲು ಹೇಳ್ಬೇಕು. ಎಫ್2 ಒತ್ತಿದ್ರೆ ಉಳಿಸುತ್ತೆ, ಆಲ್ಟ್-ಎಫ್9 ಕಂಪೈಲ್, ಕಂಟ್ರೋಲ್-ಎಫ್9 ಓಡಿಸೋಕೆ, ಆಲ್ಟ್-ಎಫ್5 ಒತ್ತಿದ್ರೆ ಉತ್ತರ ಕಾಣುತ್ತೆ. ನಾಲ್ಕು ಕೆಲಸಕ್ಕೆ ನಾಲ್ಕು ಕೀ. ಇಂಟರ್ನೆಟ್ ಬೇಡ, ಇನ್‌ಸ್ಟಾಲ್ ಮಾಡೋದೂ ಬೇಡ. ಟಿಸಿ ಅನ್ನೋ ಫೋಲ್ಡರನ್ನ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಬಂದು ಸಿ ಡ್ರೈವಲ್ಲಿ ಇಟ್ರೆ ಮುಗೀತು. ಎಂಥ ಗುಜರಿ ಕಂಪ್ಯೂಟರ್ ಆದ್ರೂ ಓಡ್ತಿತ್ತು. ಇನ್ನೊಂದು ಒಳ್ಳೇದು ಅಂದ್ರೆ ಸಾಹುಕಾರರ ಮಗನ ಕಂಪ್ಯೂಟರಲ್ಲೂ ನಮ್ಮ ಲ್ಯಾಬಿನ ಕಂಪ್ಯೂಟರಲ್ಲೂ ಅದು ಒಂದೇ ಥರ ಕಾಣ್ತಿತ್ತು. "ಎಲ್ರದ್ದೂ ಓಡುತ್ತೆ, ನಂದು ಓಡಲ್ಲ" ಅನ್ನೋ ಮಾತು ಆಗ ಇರಲಿಲ್ಲ.

ಏಳರವರೆಗೆ ಮಾತ್ರ ತೋರಿಸು

ಇನ್ನು ಅಪಕಾರ.

ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಎಲ್ರೂ ಬರೆದಿರ್ತೀರ. ಒಂದರಿಂದ ಆ ಸಂಖ್ಯೆವರೆಗೂ ಗುಣಿಸ್ತಾ ಹೋಗೋದು. ನಂದು ಏಳಕ್ಕೆ 5040 ಅಂತ ಸರಿಯಾಗಿ ಕೊಡ್ತು. ಎಂಟು ಕೊಟ್ಟೆ, 40320 ಬರಬೇಕಿತ್ತು. ಬಂದದ್ದು ಮೈನಸ್ 25216.

ಗುಣಾಕಾರದಲ್ಲಿ ಮೈನಸ್ ಎಲ್ಲಿಂದ ಬಂತು? ಅರ್ಧ ಗಂಟೆ ಸಾಲು ಸಾಲು ನೋಡಿದ್ವಿ. ಪಕ್ಕದ ಬೆಂಚಿನವರನ್ನ ಕೇಳಿದ್ರೆ ಅವರು ಐದಕ್ಕೆ ಮಾತ್ರ ನೋಡಿ ರೆಕಾರ್ಡ್ ಬರೆದಾಗಿತ್ತು. ಕೊನೆಗೆ ಲ್ಯಾಬ್ ನೋಡ್ಕೊಳ್ತಿದ್ದವರನ್ನ ಕರೆದೆ. ಅವರು ಪರದೆ ನೋಡಿ, "ಅದು ಹಂಗೇ ಬರೋದು. ಏಳರವರೆಗೆ ಮಾತ್ರ ತೋರಿಸು, ಎಕ್ಸ್‌ಟರ್ನಲ್ ಅದಕ್ಕಿಂತ ಜಾಸ್ತಿ ಕೇಳಲ್ಲ" ಅಂದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಯಾರೋ ಹಂಗೇ ಹೇಳಿಕೊಟ್ಟಿರ್ತಾರೆ. ಆದ್ರೆ ಅವತ್ತು ರೈಲಲ್ಲಿ ವಾಪಸ್ ಬರ್ತಾ ನಾನು ಅಂದ್ಕೊಂಡಿದ್ದು, ನಂಗೆ ಇದು ಆಗಲ್ಲ ಅಂತ.

ಕಾರಣ ತಿಳಿದದ್ದು ಎರಡು ವರ್ಷ ಆದ್ಮೇಲೆ. ಟರ್ಬೋ ಸಿ ಹುಟ್ಟಿದ್ದು 16 ಬಿಟ್‌ನ ಡಾಸ್ ಕಾಲಕ್ಕೆ. ಅದರಲ್ಲಿ ಒಂದು ಪೂರ್ಣಾಂಕಕ್ಕೆ ಸಿಗೋ ಜಾಗ 16 ಬಿಟ್, ಹಿಡಿಸೋ ಅತಿ ದೊಡ್ಡ ಸಂಖ್ಯೆ 32767. ಅದು ದಾಟಿದ್ರೆ ಹಳೇ ಸ್ಕೂಟರಿನ ಮೀಟರ್ ಥರ ಸುತ್ತು ಹೊಡೆದು ಋಣ ಸಂಖ್ಯೆ ಕಡೆಯಿಂದ ವಾಪಸ್ ಬರುತ್ತೆ. 40320ರಲ್ಲಿ 65536 ಕಳೀರಿ, ಮೈನಸ್ 25216 ಸಿಗುತ್ತೆ. ನನ್ನ ಪ್ರೋಗ್ರಾಮಿನ ಲೆಕ್ಕ ಸರಿಯೇ ಇತ್ತು. 2006ರಲ್ಲಿ ನಾನು ಕೂತಿದ್ದ ಕಂಪ್ಯೂಟರ್ 32 ಬಿಟ್‌ನದ್ದು, ಅದಕ್ಕೆ ಅದಕ್ಕಿಂತ ಬಹಳ ದೊಡ್ಡ ಸಂಖ್ಯೆ ಹಿಡಿಯೋ ಶಕ್ತಿ ಇತ್ತು. ಮಧ್ಯ ಕೂತಿದ್ದ ಐಡಿಇ ಹಳೇ ಕಾಲದ್ದು.

ಹಳೇದು ಅಂದ್ರೆ ಎಷ್ಟು ಹಳೇದು? ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಟರ್ಬೋ ಸಿ++ ಅದಕ್ಕೂ ಮುಂಚಿನದ್ದು. ನಾವು ಐಒಸ್ಟ್ರೀಮ್ ಮುಂದೆ ಡಾಟ್ ಎಚ್ ಹಾಕ್ತಿದ್ವಲ್ಲ, ವಾಯ್ಡ್ ಮೇನ್ ಅಂತ ಶುರು ಮಾಡ್ತಿದ್ವಲ್ಲ, ಕೊನಿಯೊ ಸೇರಿಸಿ ಪರದೆ ಒರೆಸ್ತಿದ್ವಲ್ಲ, ಅದರಲ್ಲಿ ಯಾವುದೂ ಮಾನಕದ ಸಿ++ ಅಲ್ಲ. ಒಂದು ಕಂಪನಿಯ ಒಂದು ಡಬ್ಬಿಯ ಪದ್ಧತಿಯನ್ನ ನಾವು ಭಾಷೆ ಅಂದ್ಕೊಂಡಿದ್ವಿ.

ಕನ್ನಡದ ಮಾತಂತೂ ಕೇಳಲೇಬೇಡಿ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೇ 1991ರಲ್ಲಿ, ಅದರಲ್ಲಿ ಕನ್ನಡವೂ ಇತ್ತು. ಆದರೂ ಹದಿನೈದು ವರ್ಷದ ನಂತರ ನಮ್ಮ ಲ್ಯಾಬಿನ ನೀಲಿ ಪರದೇಲಿ ನನ್ನ ಹೆಸರನ್ನ ಕನ್ನಡದಲ್ಲಿ ಬರೆಯೋ ಹಂಗಿರಲಿಲ್ಲ. ಕಂಪ್ಯೂಟರ್‌ಗೆ ಕನ್ನಡ ಬರಲ್ಲ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ವಿ. ಬಾರದೇ ಇದ್ದದ್ದು ಆ ಒಂದು ಸಾಮಾನಿಗೆ.

ಹಾಗಿದ್ರೂ ಯಾಕೆ ಬದಲಾಯಿಸಲಿಲ್ಲ? ಇದಕ್ಕೆ ಉತ್ತರ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿದೆ. ಸೀನಿಯರ್ ರೆಕಾರ್ಡ್ ನೋಡಿ ಜೂನಿಯರ್ ಬರೀತಾನೆ. ಅದೇ ಜೂನಿಯರ್ ಮುಂದೆ ಮೇಷ್ಟ್ರಾಗ್ತಾನೆ, ಅದೇ ಪ್ರೋಗ್ರಾಮ್ ಕೊಡ್ತಾನೆ. ಪರೀಕ್ಷೆ ದಿನ ಐವತ್ತು ಕಂಪ್ಯೂಟರ್ ಒಂದೇ ಥರ ನಡೀಬೇಕು, ಹೊಸದು ತಂದು ಕೈ ಕೊಟ್ರೆ ಯಾರು ಹೊಣೆ? 64 ಬಿಟ್‌ನ ವಿಂಡೋಸ್ ಬಂದ್ಮೇಲೆ 16 ಬಿಟ್‌ನ ಟರ್ಬೋ ಸಿ ಓಡೋದೇ ನಿಂತುಹೋಯ್ತು. ಆಗಲಾದ್ರೂ ಬಿಡ್ತಾರೆ ಅಂದ್ಕೊಂಡ್ರೆ, ಆಟ ಆಡೋಕೆ ಅಂತ ಮಾಡಿದ್ದ ಡಾಸ್‌ಬಾಕ್ಸ್ ಅನ್ನೋ ತಂತ್ರಾಂಶದೊಳಗೆ ಅದನ್ನ ಕೂರಿಸಿ ಮತ್ತೆ ಓಡಿಸಿದ್ರು. ಸತ್ತ ಕಂಪ್ಯೂಟರಿನ ವೇಷ ಹಾಕಿಸಿ ಪಾಠ ಮುಂದುವರಿಸಿದ ಹಾಗೆ.

ಕೊನೆ ವರ್ಷ ನನ್ನ ಮೊದಲ ಇಂಟರ್‌ವ್ಯೂ. "ಯಾವ ಕಂಪೈಲರ್ ಬಳಸಿದೀರ?" ಅಂತ ಕೇಳಿದ್ರು. "ಸಿ ಸರ್" ಅಂದೆ. ಭಾಷೆ ಬೇರೆ, ಕಂಪೈಲರ್ ಬೇರೆ, ಎಡಿಟರ್ ಬೇರೆ ಅನ್ನೋದೇ ನನಗೆ ಸ್ಪಷ್ಟವಿರಲಿಲ್ಲ, ನಾಲ್ಕೂ ಒಂದೇ ನೀಲಿ ಪರದೇಲಿ ಇದ್ವಲ್ಲ. ಆ ಕೆಲಸ ಸಿಗಲಿಲ್ಲ. ಆಮೇಲೆ ಗೆಳೆಯನೊಬ್ಬ ಲಿನಕ್ಸ್ ಹಾಕಿಕೊಟ್ಟ. ಕಪ್ಪು ಪರದೇಲಿ ವಿಮ್‌ನಲ್ಲಿ ಬರೆದು, ಜಿಸಿಸಿ ಅಂತ ಕೈಯಾರೆ ಟೈಪ್ ಮಾಡಿ ಕಂಪೈಲ್ ಮಾಡಿದಾಗಲೇ ನಾಲ್ಕು ಕೆಲಸ ನಾಲ್ಕು ತುಂಡಾಗಿ ಕಣ್ಣಿಗೆ ಕಂಡದ್ದು. ಎಂಟರ ಫ್ಯಾಕ್ಟೋರಿಯಲ್ ಅವತ್ತು 40320 ಬಂತು.

ಗ್ರಹಣ ಹಿಡಿದ ಕಾಲ

ಕೆಲಸಕ್ಕೆ ಸೇರೋ ಹೊತ್ತಿಗೆ ಬೆಂಗಳೂರಲ್ಲಿ ಜಾವಾದ ಸುಗ್ಗಿ. ಅಲ್ಲಿ ಮೂರು ಪಂಗಡ. ನೆಟ್‌ಬೀನ್ಸ್ 1996ರಲ್ಲಿ ಪ್ರಾಗ್ ಊರಿನ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾದದ್ದು, 1999ರಲ್ಲಿ ಜಾವಾದ ಒಡೆಯರಾದ ಸನ್ ಕಂಪನಿ ಅದನ್ನ ಕೊಂಡುಕೊಂಡಿತು. 2001ರಲ್ಲಿ ಐಬಿಎಂ ತನ್ನ 4 ಕೋಟಿ ಡಾಲರ್ ಬೆಲೆಯ ಕೋಡನ್ನ ಪುಕ್ಕಟೆ ಬಿಟ್ಟು ಎಕ್ಲಿಪ್ಸ್ ತಂತು. ಎಕ್ಲಿಪ್ಸ್ ಅಂದ್ರೆ ಗ್ರಹಣ. ಸನ್‌ಗೆ ಗ್ರಹಣ ಹಿಡಿಸೋಕೇ ಈ ಹೆಸರಿಟ್ರು ಅಂತ ತಮಾಷೆ ಇತ್ತು. ಅದೇ ವರ್ಷ ಬಂದ ಇಂಟೆಲಿಜೆಗೆ ದುಡ್ಡು ಕೊಡಬೇಕಿತ್ತು. ಅದರ ಪುಕ್ಕಟೆ ಆವೃತ್ತಿ ಬಂದದ್ದು 2009ರಲ್ಲಿ.

ಪುಕ್ಕಟೆ ಸಿಕ್ಕಿದ್ದು ಎಕ್ಲಿಪ್ಸ್, ಹಾಗಾಗಿ ನಮ್ಮ ಕಂಪನಿಗಳೆಲ್ಲ ಎಕ್ಲಿಪ್ಸ್. ನನ್ನ ಮೊದಲ ಆಫೀಸಿನ ಕಂಪ್ಯೂಟರ್‌ಗೆ 1 ಜಿಬಿ ರ‍್ಯಾಮ್. ಬೆಳಿಗ್ಗೆ ಎಕ್ಲಿಪ್ಸ್ ತೆರೆಯೋಕೆ ಒತ್ತಿ, ಕಾಫಿ ಕುಡಿದು, ಪೇಪರ್ ನೋಡಿ ಬಂದ್ರೆ ತೆರೆದುಕೊಂಡಿರೋದು. ಆದ್ರೆ ಅದು ಮಾಡೋ ಕೆಲಸ ನೋಡಿ ಬೆರಗಾಗಿದ್ದೆ. ಒಂದು ಕಡೆ ಹೆಸರು ಬದಲಾಯಿಸಿದ್ರೆ ಇನ್ನೂರು ಫೈಲಲ್ಲಿ ತಾನೇ ಬದಲಾಗೋದು. ದೊಡ್ಡ ತಂಡದಲ್ಲಿ, ಯಾರೋ ಬರೆದ ಲಕ್ಷ ಸಾಲಿನ ಕೋಡ್ ಒಳಗೆ ಓಡಾಡೋಕೆ ಅಂಥದ್ದು ಬೇಕೇ ಬೇಕು. "ವಿಮ್ ಸಾಕು, ಐಡಿಇ ಎಲ್ಲ ಸೋಮಾರಿಗಳಿಗೆ" ಅನ್ನೋರು ಅಂಥ ಕೋಡ್ ನೋಡಿರಲ್ಲ.

ಆಂಡ್ರಾಯ್ಡ್ ಬಂದಾಗ್ಲೂ ಮೊದಲು ಎಕ್ಲಿಪ್ಸೇ. 2013ರಲ್ಲಿ ಗೂಗಲ್ ಇಂಟೆಲಿಜೆ ಆಧಾರದ ಮೇಲೆ ಆಂಡ್ರಾಯ್ಡ್ ಸ್ಟುಡಿಯೋ ಘೋಷಿಸಿತು, 2014ರ ಕೊನೇಲಿ 1.0 ಬಂತು. ಎಕ್ಲಿಪ್ಸ್ ಕಲಿತವರು ಮತ್ತೆ ಮೊದಲಿಂದ ಕಲೀಬೇಕಾಯ್ತು.

2015ರಲ್ಲಿ ಮೈಕ್ರೋಸಾಫ್ಟ್ ವಿಎಸ್ ಕೋಡ್ ತಂತು. ಅದರ ತಂಡದ ಮುಖ್ಯಸ್ಥ ಎರಿಕ್ ಗಾಮಾ, ಹಿಂದೆ ಎಕ್ಲಿಪ್ಸ್‌ನ ಜಾವಾ ಭಾಗ ಕಟ್ಟಿಸಿದ್ದವನೇ. ಅದನ್ನ ಬರೆದಿರೋ ಟೈಪ್‌ಸ್ಕ್ರಿಪ್ಟ್ ಭಾಷೆ ಆಂಡರ್ಸ್ ಹೈಲ್ಸ್‌ಬರ್ಗ್‌ನದ್ದು, 1983ರ ಟರ್ಬೋ ಪ್ಯಾಸ್ಕಲ್‌ನ ಅದೇ ಆಂಡರ್ಸ್. ಕೆಳಗಿನ ಬುನಾದಿ ಎಲೆಕ್ಟ್ರಾನ್, ಗಿಟ್‌ಹಬ್‌ನವರು ತಮ್ಮ ಆಟಮ್ ಎಡಿಟರ್‌ಗೆ ಅಂತ ಮಾಡಿದ್ದು. ಆಟಮ್ 2022ರ ಡಿಸೆಂಬರಲ್ಲಿ ಮುಚ್ಚಿತು. ಬುನಾದಿ ಉಳೀತು. ಬೋರ್ಲ್ಯಾಂಡೂ ಇಲ್ಲ, ಸನ್ನೂ ಇಲ್ಲ. ಜನ ಮಾತ್ರ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ತಮ್ಮ ತಿಳಿವಳಿಕೆ ಹೊತ್ಕೊಂಡು ಹೋದ್ರು.

2016ರಲ್ಲಿ ಇನ್ನೊಂದು ಕೆಲಸ ಆಯ್ತು, ಸದ್ದಿಲ್ಲದೆ. ಮೊದಲು ಪ್ರತಿ ಎಡಿಟರೂ ಪ್ರತಿ ಭಾಷೆಗೂ ಬೇರೆ ಬೇರೆ ಬುದ್ಧಿ ಕಟ್ಟಬೇಕಿತ್ತು. ಐದು ಎಡಿಟರ್, ಹತ್ತು ಭಾಷೆ ಅಂದ್ರೆ ಐವತ್ತು ಸಲ ಅದೇ ಕೆಲಸ. ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅನ್ನೋ ಒಪ್ಪಂದ ಬಂದು, ಭಾಷೆಗೊಂದು ಸರ್ವರ್, ಎಡಿಟರ್‌ಗೊಂದು ಕೊಂಡಿ ಅಂತಾಯ್ತು. ಐವತ್ತರ ಜಾಗದಲ್ಲಿ ಹದಿನೈದು. ಇದರಿಂದ ಪುಟ್ಟ ವಿಮ್‌ಗೂ ದೊಡ್ಡ ಐಡಿಇಗಳ ಜಾಣತನ ಸಿಕ್ಕಿತು. ವಿಮ್ ಬರೆದ ಬ್ರಾಮ್ ಮೂಲೆನಾರ್ 2023ರ ಆಗಸ್ಟಲ್ಲಿ ತೀರಿಕೊಂಡ್ರು. 1991ರಿಂದ ಅದನ್ನ ಪುಕ್ಕಟೆ ಕೊಟ್ಟು, ಇಷ್ಟವಾದ್ರೆ ಉಗಾಂಡಾದ ಬಡ ಮಕ್ಕಳಿಗೆ ದುಡ್ಡು ಕೊಡಿ ಅಂತಿದ್ದ ಮನುಷ್ಯ.

ಚರಕವೂ ಎಆರ್‌ಎಂ ಮಷೀನೂ

ಇಷ್ಟು ಹೇಳೋ ಹೊತ್ತಿಗೆ ಭಾವ ಸೊಪ್ಪು ಹಾಕಿ ಬಂದು ಪಕ್ಕದಲ್ಲಿ ಕೂತಿದ್ರು. "ಸಾಮಾನು ಯಾವುದಾದ್ರೇನು, ಕೆಲಸ ಬರಬೇಕು ಅಂತ ತಾನೇ ನಿನ್ನ ಮಾತು?" ಅಂದ್ರು. ಹೂಂ ಅನ್ನೋದ್ರಲ್ಲಿದ್ದೆ, ಅವರೇ ತಡೆದು ಹೇಳಿದ್ರು, "ಅದು ಸುಳ್ಳು ಕಣಪ್ಪ. ರಾಮನಗರದಲ್ಲಿ ನೋಡು."

ರಾಮನಗರದಲ್ಲಿ ಗೂಡಿಂದ ನೂಲು ಬಿಚ್ಚೋದಕ್ಕೆ ಚರಕ ಇದೆ, ಕಾಟೇಜ್ ಬೇಸಿನ್ ಇದೆ, ಮಲ್ಟಿ ಎಂಡ್ ಇದೆ, ಈಗ ಎಆರ್‌ಎಂ ಅನ್ನೋ ಆಟೊಮ್ಯಾಟಿಕ್ ಮಷೀನೂ ಬಂದಿದೆ. ಚರಕಕ್ಕೆ ಎರಡನೇ ದರ್ಜೆ ಗೂಡೂ ನಡೆಯುತ್ತೆ, ನೂಲು ಒರಟು. ಎಆರ್‌ಎಂ ನೂಲು ನಯ, ಒಳ್ಳೇ ರೇಟು, ಆದ್ರೆ ಅದಕ್ಕೆ ಬೇಕಾದ್ದು ಒಳ್ಳೇ ಬಿಳಿ ಬೈವೋಲ್ಟೀನ್ ಗೂಡು. ಅಕ್ಕನ ಮನೇದು ಹಳದಿ ಗೂಡು, ಸಿಬಿ. "ಆ ಮಷೀನ್ ಇಟ್ಟಿರೋನು ನನ್ನ ಗೂಡನ್ನ ಮುಟ್ಟಿ ನೋಡಿ ಮುಂದಕ್ಕೆ ಹೋಗ್ತಾನೆ. ನನ್ನ ಬೆಳೆ ಕೆಟ್ಟದ್ದಾ? ಅಲ್ಲ. ಅವನ ಮಷೀನ್ ಬೇರೆ ಗೂಡು ಕೇಳುತ್ತೆ" ಅಂದ್ರು ಭಾವ.

ಹದಿನೈದು ವರ್ಷ ಈ ಕೆಲಸ ಮಾಡಿದ ನನಗೆ ಇಷ್ಟು ನೇರವಾಗಿ ಹೊಳೆದಿರಲಿಲ್ಲ. ನಾವು ಐಡಿಇನ ಆರಿಸ್ತೀವಿ ಅಂದ್ಕೊಂಡಿರ್ತೀವಿ, ಅದೂ ನಮ್ಮನ್ನ ಆರಿಸ್ತಿರುತ್ತೆ. ಟರ್ಬೋ ಸಿ ಚರಕದ ಥರ, ಯಾರ ಗೂಡನ್ನೂ ಬೇಡ ಅಂತಿರಲಿಲ್ಲ, ನೂಲು ಮಾತ್ರ ಒರಟು. ಆಂಡ್ರಾಯ್ಡ್ ಸ್ಟುಡಿಯೋಗೆ ಕನಿಷ್ಠ 8 ಜಿಬಿ ಬೇಕು ಅಂತ ಗೂಗಲ್ಲೇ ಬರೆದಿದೆ. 4 ಜಿಬಿ ಹುಡುಗ ಅದರ ಮುಂದೆ ಕೂತು ತನಗೆ ತಲೆ ಇಲ್ಲ ಅಂದ್ಕೊಳ್ತಾನೆ. ಅವನ ತಲೆ ಪ್ರಶ್ನೆ ಅಲ್ಲಿ ಬಂದೇ ಇಲ್ಲ.

ಹಾಗಂತ 4 ಜಿಬಿಯಲ್ಲೇ ಎಲ್ಲ ಆಗುತ್ತೆ ಅಂತ ಅವನಿಗೆ ಸುಳ್ಳು ಹೇಳೋಕೂ ಮನಸ್ಸಾಗಲಿಲ್ಲ. ಈ ವರ್ಷದ ಸಿ, ಡೇಟಾ ಸ್ಟ್ರಕ್ಚರ್, ಜಾವಾ, ಪೈಥಾನ್, ಇದಕ್ಕೆಲ್ಲ ಇರೋ ಲ್ಯಾಪ್‌ಟಾಪ್ ಧಾರಾಳ. ಮುಂದೆ ಆ್ಯಪ್ ಮಾಡೋ ದಾರಿ ಹಿಡಿದ್ರೆ ದೊಡ್ಡದು ಬೇಕೇ ಬೇಕು, ಆಗ ಕೊಳ್ಳೋಣ. ಹಿಂಗಂತ ಅಕ್ಕನಿಗೂ ಹೇಳಿದೆ. "ಈ ಬೆಳೆ ದುಡ್ಡು ಮುಟ್ಟಬೇಡ. ಒಂದು ವರ್ಷ ತಡಿ."

ಮಾರನೇ ದಿನ ಅವನ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್ ಹಾಕಿದ್ವಿ. ಬೆಂಗಳೂರಿಗೆ ಬಂದು ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದೆ. ಜಿಸಿಸಿ, ಗೀನಿ ಅನ್ನೋ ಪುಟ್ಟ ಎಡಿಟರು, ಬೇಕಾದ್ರೆ ಇರಲಿ ಅಂತ ವಿಎಸ್ ಕೋಡು, ಅದಕ್ಕೆ ಎರಡೇ ಎರಡು ಎಕ್ಸ್‌ಟೆನ್ಷನ್. ಒಂದು ತಿಂಗಳು ಕಪ್ಪು ಪರದೇಲಿ ಕೈಯಾರೆ ಕಂಪೈಲ್ ಮಾಡು, ನಾಲ್ಕು ಕೆಲಸ ಬೇರೆ ಬೇರೆಯಾಗಿ ನೋಡು, ಆಮೇಲೆ ಯಾವ ಡಬ್ಬಿಯಾದ್ರೂ ಆರಿಸ್ಕೋ ಅಂತ ಷರತ್ತು ಹಾಕಿದೆ. ಮೊದಲ ಪ್ರೋಗ್ರಾಮಲ್ಲಿ ಅವನು "ಅಮ್ಮ" ಅಂತ ಕನ್ನಡದಲ್ಲೇ ಅಚ್ಚು ಹಾಕಿಸಿದ. ಎಷ್ಟು ಉದ್ದ ಅಂತ ಕೇಳಿದ್ರೆ ಸಿ ಭಾಷೆ 12 ಅಂತು. ಎರಡು ಅಕ್ಷರಕ್ಕೆ ಹನ್ನೆರಡು ಹೆಂಗೆ ಅಂತ ಅರ್ಧ ದಿನ ಓದಿ ಅವನೇ ಕಂಡುಹಿಡಿದ. ನಾಲ್ಕು ಯೂನಿಕೋಡ್ ಸಂಕೇತ, ಒಂದೊಂದಕ್ಕೆ ಮೂರು ಬೈಟ್.

ಗೂಡು ಚಂದ್ರಿಕೆಯಿಂದ ಬಿಡಿಸಿ ಮಾರುಕಟ್ಟೆಗೆ ಹೋದ ದಿನ ಸಾಯಂಕಾಲ ಅವನ ಫೋನು. ರೇಟು ಪರವಾಗಿಲ್ಲ ಅಂದ. ಆಮೇಲೆ, "ಮಾವ, ಆ ಫ್ಯಾಕ್ಟೋರಿಯಲ್ ಹಾಕ್ದೆ. ಹನ್ನೆರಡರವರೆಗೂ ಸರಿ ಬರುತ್ತೆ. ಹದಿಮೂರಕ್ಕೆ 1932053504 ಬಂತು. ಕ್ಯಾಲ್ಕುಲೇಟರಲ್ಲಿ 6227020800. ಮೈನಸ್ಸೂ ಇಲ್ಲ ಏನೂ ಇಲ್ಲ, ಸರಿ ಇದ್ದಂಗೇ ಕಾಣುತ್ತೆ, ಆದ್ರೆ ತಪ್ಪು. ಯಾಕೆ?"

ನನಗೆ ಏಳರವರೆಗೆ ಮಾತ್ರ ತೋರಿಸು ಅಂದಿದ್ರು. ಇವನು ಯಾರೂ ಕೇಳದಿದ್ರೂ ಹದಿಮೂರಕ್ಕೆ ಹೋಗಿ ನೋಡಿದ್ದ.

"32 ಬಿಟ್‌ನಲ್ಲಿ ಎಷ್ಟು ಹಿಡಿಯುತ್ತೆ ಲೆಕ್ಕ ಹಾಕು, ನಾಳೆ ಫೋನ್ ಮಾಡು" ಅಂದು ಇಟ್ಟೆ.